ತುರ್ಕಿ ಹೆಂಗಸರ ಹಳೇ ಕಾಲದ ಉಡುಪು ಹೊಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಸೂಜಿಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡ ಇದೆ. ಈ ಸಲದ ಕಥೆ ನಡೆಯುವುದು ಇಸ್ತಾಂಬುಲ್‌ನ ಒಬ್ಬ ವ್ಯಾಪಾರಿಯ ಮನೆಯಲ್ಲಿ. ಅತ್ತೆ, ಸೊಸೆ, ಮನೆಕೆಲಸದ ಹುಡುಗಿ, ಹೀಗೆ ಮೂರು ಹೆಣ್ಣು ಪಾತ್ರ. ಬಟ್ಟೆ ಹೊಲಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಯಾವ ಕಾಲದ ಕಥೆ ಅಂತ ನಿರ್ದೇಶಕರನ್ನು ಕೇಳಿದರೆ "ಸುಲ್ತಾನರ ಕಾಲ" ಅಂತಾರೆ. ಆ ಸುಲ್ತಾನರು ಆರು ನೂರು ವರ್ಷ ಆಳಿದ್ದಾರಲ್ಲ ಮಾರಾಯ್ರೇ!

ಟಿವಿ ಧಾರಾವಾಹಿಗಳ ಚಿತ್ರ ನೋಡಿದೆ. ಸೊಂಟ ಬಿಗಿದ ಗೌನು, ಆಳವಾದ ಕೊರಳು, ತಲೆ ಮೇಲೆ ಕಲ್ಲಿನ ಕಿರೀಟ. ನಿಜವಾಗಿ ಹೀಗೇ ಇತ್ತಾ? ದುಡ್ಡು ಜಾಸ್ತಿ ಇಲ್ಲ. ಆದರೆ ಸುಳ್ಳು ಉಡುಪು ತೊಡಿಸಲು ಮನಸ್ಸಿಲ್ಲ. ಗೊತ್ತಿರುವವರು ಹೇಳಿ.

ಹಳೇಪೆಟ್ಟಿಗೆ:
ಮೊದಲು ಧಾರಾವಾಹಿಯ ಚಿತ್ರಗಳನ್ನೆಲ್ಲ ಅಳಿಸಿಬಿಡಿ ಮೇಡಂ. ಆ ಗೌನುಗಳ ಹೊಲಿಗೆ ಯುರೋಪಿನದು. ಸೊಂಟದ ಹತ್ತಿರ ಅಡ್ಡಕ್ಕೆ ಕತ್ತರಿಸಿ, ಮೇಲೆ ಬಿಗಿ ರವಿಕೆ, ಕೆಳಗೆ ನೆರಿಗೆಯ ಲಂಗ ಜೋಡಿಸುವ ಕ್ರಮ ಅದು. ಆ ಸುಲ್ತಾನರ ಆಟೊಮನ್ ಸಾಮ್ರಾಜ್ಯದ ಹೆಂಗಸರ ಉಡುಪು ಹಾಗಿರಲಿಲ್ಲ. ಭುಜದಿಂದ ಪಾದದವರೆಗೆ ಉದ್ದಕ್ಕೆ ಇಳಿಯುವ, ಮುಂದೆ ತೆರೆದಿರುವ ನಿಲುವಂಗಿ ಅದು. ಒಂದರ ಮೇಲೊಂದು ಹಾಕುತ್ತಿದ್ದರು. ಮೇಲಿನದು ತೆರೆದಾಗ ಒಳಗಿನದು ಕಾಣಬೇಕು, ಅದರ ಸಂದಿಯಲ್ಲಿ ಇನ್ನೂ ಒಳಗಿನದು ಇಣುಕಬೇಕು. ಚೆಲುವೆಲ್ಲ ಈ ಪದರಗಳಲ್ಲೇ ಇತ್ತು.

ಮೈಗೆ ತಾಗುವಂತೆ ಗೊಮ್ಲೆಕ್, ಅಂದರೆ ತೆಳು ರೇಷ್ಮೆ ಅಥವಾ ಹತ್ತಿಯ ಉದ್ದ ಅಂಗಿ. ಕಾಲಿಗೆ ಶಲ್ವಾರ್. ಅದರ ಮೇಲೆ ಎಂತಾರಿ ಎಂಬ ನಿಲುವಂಗಿ. ಸೊಂಟಕ್ಕೆ ಕುಶಾಕ್ ಎಂಬ ಬಟ್ಟೆಯ ಪಟ್ಟಿ, ಇಲ್ಲವೇ ಲೋಹದ ಪಟ್ಟಿ. ಅದರ ಮೇಲೆ ಕಫ್ತಾನ್ ಎಂಬ ಮೇಲಂಗಿ. ಚಳಿಗೆ ತುಪ್ಪಳದ ಒಳಪದರ ಇರುವ ಇನ್ನೊಂದು ಮೇಲಂಗಿ. ಹೊರಗೆ ಹೊರಟರೆ ಇದೆಲ್ಲದರ ಮೇಲೆ ಫೆರಾಜೆ ಎಂಬ ಸಡಿಲ ನಿಲುವಂಗಿ, ಮುಖಕ್ಕೆ ಯಾಶ್ಮಾಕ್ ಎಂಬ ಮುಸುಕು.

ಈ ಉಡುಪುಗಳ ಪಟ್ಟಿ ಸುಮಾರು ಮುನ್ನೂರು ವರ್ಷ ಹೆಚ್ಚುಕಮ್ಮಿ ಹೀಗೇ ಇತ್ತು. ಬದಲಾಗಿದ್ದು ಕೊರಳಿನ ಆಳ, ತೋಳಿನ ಅಗಲ, ಅಂಚಿನ ಉದ್ದ, ತಲೆಯ ಅಲಂಕಾರ. ಸುಲ್ತಾನ ಸುಲೈಮಾನ್ ಆಳಿದ್ದು 1520ರಿಂದ 1566. ಆಗಿನ ಎಂತಾರಿ ಸಾದಾ, ತಲೆಗೆ ಚಿಕ್ಕ ಟೊಪ್ಪಿ, ಹಿಂದಕ್ಕೆ ಇಳಿಬಿಟ್ಟ ಮುಸುಕು. 1720ರ ಹೊತ್ತಿಗೆ ಮೈಗೆ ಅಂಟುವ ಕತ್ತರಿಸುವಿಕೆ, ಆಳ ಕೊರಳು, ನೆಲ ಗುಡಿಸುವ ಅಂಚು. ಹಾಗಾಗಿ ನಿಮ್ಮ ನಿರ್ದೇಶಕರನ್ನು ಹಿಡಿದು ಕೂರಿಸಿ ಒಂದು ದಶಕ ಹೇಳಿಸಿ. ಅದಿಲ್ಲದೆ ಕತ್ತರಿ ಕೈಗೆ ತಗೋಬೇಡಿ.

ಕಾಫಿಪುಡಿ:
ನಾನಂದುಕೊಂಡಿದ್ದು ಹೊಟ್ಟೆ ಬಿಟ್ಟ ರವಿಕೆ, ಸೊಂಟಕ್ಕೆ ಜಣಜಣ ನಾಣ್ಯ, ಪಾರದರ್ಶಕ ಪೈಜಾಮ. ಅದಲ್ವಾ? 😀

ಹಳೇಪೆಟ್ಟಿಗೆ:
ಅಲ್ಲ ಸ್ವಾಮಿ. ಅದು ಕುಣಿತದ ರಂಗಕ್ಕೆ ಆಮೇಲೆ ಹುಟ್ಟಿದ ವೇಷ. 19ನೇ ಶತಮಾನದ ಯುರೋಪಿನ ಕೆಲವು ಚಿತ್ರಕಾರರು ಜನಾನಾದ ಒಳಗೆ ಕಾಲಿಡದೆಯೇ ಅದನ್ನು ಬಣ್ಣಬಣ್ಣವಾಗಿ ಬರೆದರು. ಅವರಿಗೆ ಹೆಂಗಸರು ಬಟ್ಟೆ ತೊಟ್ಟಿದ್ದರೆ ಚಿತ್ರ ಮಾರಾಟ ಆಗುತ್ತಿರಲಿಲ್ಲ ಅಂತ ಕಾಣುತ್ತೆ.

ದರ್ಜಿಮನೆ:
ನಾನು ಹೊಲಿಗೆ ಕೆಲಸದವನು. ಆಟೊಮನ್ ನಿಲುವಂಗಿ ಒಂದನ್ನು ಕಿರುಚಿತ್ರಕ್ಕೆ ಹೊಲಿದಿದ್ದೇನೆ. ಕತ್ತರಿಸುವ ಲೆಕ್ಕ ಕೇಳಿದರೆ ಬಹಳ ಸುಲಭ. ನಮ್ಮ ಕಲಿ ಕುರ್ತಾ ಹೊಲಿದು ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದಂತೆ.

ಆಗಿನ ಮಗ್ಗದ ಬಟ್ಟೆಗೆ ಅಗಲ ಕಡಿಮೆ. ರೇಷ್ಮೆ ದುಬಾರಿ. ಹಾಗಾಗಿ ಬಟ್ಟೆ ಹಾಳಾಗದಂತೆ ಕತ್ತರಿಸುತ್ತಿದ್ದರು. ಉದ್ದ ಬಟ್ಟೆಯನ್ನು ಭುಜದ ಮೇಲೆ ಮಡಿಸಿದರೆ ಮುಂದು ಹಿಂದು ಎರಡೂ ಒಂದೇ ತುಂಡು. ಭುಜಕ್ಕೆ ಹೊಲಿಗೆ ಇಲ್ಲ. ಮುಂಭಾಗ ಮಧ್ಯಕ್ಕೆ ಸೀಳುವುದು. ಕಂಕುಳ ಕೆಳಗಿನಿಂದ ಎರಡೂ ಬದಿಗೆ ತ್ರಿಕೋನದ ಕಲಿ ಸೇರಿಸಿದರೆ ಕೆಳಗೆ ಘೇರು ಬರುತ್ತದೆ. ಕಂಕುಳಲ್ಲಿ ಚಿಕ್ಕ ಚೌಕದ ತುಂಡು ಇಟ್ಟರೆ ಕೈ ಎತ್ತಿದಾಗ ಹರಿಯುವುದಿಲ್ಲ. ಡಾಟ್ ಇಲ್ಲ, ಜಿಪ್ ಅಂತೂ ಕೇಳಲೇಬೇಡಿ. ಎದೆಯಿಂದ ಸೊಂಟದವರೆಗೆ ಒತ್ತೊತ್ತಾಗಿ ಸಣ್ಣ ಗುಂಡು ಗುಂಡಿ, ಎದುರಿಗೆ ದಾರದ ಕುಣಿಕೆ.

ಇನ್ನೊಂದು ಗುಟ್ಟು. ಒಳಗೆಲ್ಲ ಅಗ್ಗದ ಹತ್ತಿ ಅಸ್ತರು ಹಾಕಿ, ಅಂಚಿನ ಒಳಬದಿಗೆ ಮಾತ್ರ ಬೇರೆ ಬಣ್ಣದ ರೇಷ್ಮೆ ಪಟ್ಟಿ ಕೊಡುತ್ತಿದ್ದರು. ನಡೆದಾಗ ಅಂಚು ಮಗುಚಿಕೊಂಡು ಆ ಬಣ್ಣ ಮಿಂಚುತ್ತದೆ. ನೋಡುವವರಿಗೆ ಪೂರ್ತಿ ರೇಷ್ಮೆ ಅನಿಸುತ್ತದೆ. ನಿಮ್ಮ ಬಜೆಟ್‌ಗೆ ಇದೇ ದಾರಿ ನೋಡಿ. 44 ಇಂಚು ಅಗಲದ ಬಟ್ಟೆಯಾದರೆ ಎಂತಾರಿಗೆ ಐದು ಮೀಟರ್ ಇಟ್ಟುಕೊಳ್ಳಿ. ಶಲ್ವಾರ್‌ಗೆ ನಾಲ್ಕು. ಅದರಲ್ಲಿ ಕಂಜೂಸಿ ಬೇಡ. ಈಗಿನ ಚೂಡಿದಾರದ ಪ್ಯಾಂಟಿನ ಹಾಗೆ ಹೊಲಿದರೆ ಎಲ್ಲ ಕೆಟ್ಟಿತು. ಅಗಲವೆಲ್ಲ ಲಾಡಿಯಲ್ಲಿ ನೆರಿಗೆಯಾಗಿ ಕೂತು, ಕೆಳಗೆ ಕಣಕಾಲಿನ ಹತ್ತಿರ ಉಬ್ಬಿ ನಿಲ್ಲಬೇಕು.

ಸೂಜಿಮಲ್ಲಿಗೆ:
ದರ್ಜಿಮನೆ ಸರ್, ಇದನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸುತ್ತೇನೆ. ನಿರ್ದೇಶಕರ ಜೊತೆ ಜಗಳ ಆಡಿ ಬಂದೆ. 1720ರ ಆಸುಪಾಸು ಅಂತ ಒಪ್ಪಿದರು. ಕಥೆಯಲ್ಲಿ ಟ್ಯೂಲಿಪ್ ಹೂವಿನ ತೋಟದ ಮಾತು ಬರುತ್ತದಂತೆ. ಆ ಕಾಲದ ಚಿತ್ರ ಏನಾದರೂ ಸಿಗುತ್ತದಾ?

ಹಳೇಪೆಟ್ಟಿಗೆ:
ಅದೃಷ್ಟ ಚೆನ್ನಾಗಿದೆ ನಿಮ್ಮದು. 1718ರಿಂದ 1730ರವರೆಗಿನ ಕಾಲವನ್ನು ಟ್ಯೂಲಿಪ್ ಯುಗ ಅಂತಲೇ ಕರೆಯುತ್ತಾರೆ. ಮೂರನೇ ಅಹಮದ್ ಸುಲ್ತಾನ. ಹೆಂಗಸರ ಉಡುಪಿಗೆ ಇಷ್ಟು ಒಳ್ಳೆ ಸಾಕ್ಷಿ ಅದಕ್ಕಿಂತ ಹಿಂದೆ ಸಿಗುವುದು ಕಷ್ಟ.

ಮೊದಲನೆಯದು ಲೆವ್ನಿ. ಆಸ್ಥಾನದ ಚಿತ್ರಕಾರ, 1732ರಲ್ಲಿ ತೀರಿಕೊಂಡ. ಒಬ್ಬೊಬ್ಬಳೇ ನಿಂತ, ಕೂತ ಹೆಂಗಸರ ಚಿಕ್ಕ ಚಿತ್ರಗಳನ್ನು ಬರೆದಿದ್ದಾನೆ. ಗುಂಡಿ ಎಲ್ಲಿಂದ ಎಲ್ಲಿಯವರೆಗೆ, ಪಟ್ಟಿ ಎಲ್ಲಿ ಕೂತಿದೆ, ತೋಳಿನ ಒಳಗೆ ಯಾವ ಬಣ್ಣ, ಎಲ್ಲ ಕಾಣುತ್ತದೆ. ಎರಡನೆಯದು ವಾನ್ಮೋರ್. ಯುರೋಪಿನವನೇ ಆದರೂ ಇಸ್ತಾಂಬುಲ್‌ನಲ್ಲೇ ಬಾಳಿ ಅಲ್ಲೇ 1737ರಲ್ಲಿ ಸತ್ತ. ಅವನ ಚಿತ್ರಗಳಿಂದ ಮಾಡಿದ ನೂರು ಅಚ್ಚುಚಿತ್ರಗಳು 1714ರಲ್ಲಿ ಪ್ಯಾರಿಸ್‌ನಲ್ಲಿ ಬಂದವು. ಆಮೇಲೆ ಲಿಯೊಟಾರ್, 1738ರಿಂದ 1742ರವರೆಗೆ ಅಲ್ಲಿದ್ದ. ಬಟ್ಟೆಯ ಮಡಿಕೆಯನ್ನು ಅವನ ಹಾಗೆ ಬರೆದವರು ಕಡಿಮೆ.

ಬರವಣಿಗೆ ಬೇಕಾದರೆ ಲೇಡಿ ಮೇರಿ ಮಾಂಟೆಗ್ಯು ಅವರ ಕಾಗದ. ಇಂಗ್ಲಿಷ್ ರಾಯಭಾರಿಯ ಹೆಂಡತಿ. 1717ರ ಏಪ್ರಿಲ್ 1ರಂದು ಎದಿರ್ನೆ ಊರಿನಿಂದ ತಂಗಿಗೆ ಬರೆದಿದ್ದಾರೆ. ತುರ್ಕಿ ಉಡುಪು ಹೊಲಿಸಿ ತಾವೇ ತೊಟ್ಟು ಒಂದೊಂದನ್ನೂ ವಿವರಿಸಿದ್ದಾರೆ. ಗುಲಾಬಿ ಬಣ್ಣದ, ಬೆಳ್ಳಿ ಹೂವಿನ ಶಲ್ವಾರ್. ಅದರ ಮೇಲೆ ಇಳಿಬಿದ್ದ ತೆಳು ಬಿಳಿ ರೇಷ್ಮೆಯ ಅಂಗಿ, ಕೊರಳಿಗೆ ವಜ್ರದ ಗುಂಡಿ. ಮೈಗೆ ಕೂತ ಎಂತಾರಿ. ಶಲ್ವಾರಿನ ಬಟ್ಟೆಯಲ್ಲೇ ಹೊಲಿದ ಕಫ್ತಾನ್. ನಾಲ್ಕು ಬೆರಳಗಲದ ಸೊಂಟಪಟ್ಟಿ. ಉಳ್ಳವರು ವಜ್ರ ಕೂರಿಸಿಕೊಳ್ಳುತ್ತಾರೆ, ಉಳಿದವರು ಕಸೂತಿಯಲ್ಲಿ ತೃಪ್ತಿಪಡುತ್ತಾರೆ. ನಿಮ್ಮ ಅತ್ತೆಗೆ ಆ ಪಟ್ಟಿ, ಸೊಸೆಗೆ ಕಸೂತಿ ಕೊಡಿ. ಮಾತಿಲ್ಲದೆಯೇ ಮನೆಯ ರಾಜಕೀಯ ಗೊತ್ತಾಗುತ್ತದೆ.

ನದಿದಂಡೆ:
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಎಲ್ಲರೂ ರೇಷ್ಮೆ, ವಜ್ರ ಅಂತ ಖುಷಿಯಾಗಿದ್ದೀರಿ. ಹೊರಗೆ ಹೋದರೆ ಫೆರಾಜೆ, ಮುಖಕ್ಕೆ ಬಟ್ಟೆ. ಒಳಗೆ ಕೂಡಿಟ್ಟ ಹೆಂಗಸರ ಬಟ್ಟೆಯನ್ನು ಇಷ್ಟು ಹೊಗಳಬೇಕಾ?

ಹಳೇಪೆಟ್ಟಿಗೆ:
ನ್ಯಾಯವಾದ ಪ್ರಶ್ನೆ. ಅದೇ ಮಾಂಟೆಗ್ಯು ಇದಕ್ಕೆ ಉಲ್ಟಾ ಬರೆದಿದ್ದಾರೆ. ಫೆರಾಜೆ ತೊಟ್ಟರೆ ಒಡತಿ ಯಾರು, ಆಳು ಯಾರು ಗೊತ್ತಾಗುವುದಿಲ್ಲ, ಗಂಡನೇ ಎದುರು ಬಂದರೂ ಗುರುತು ಹಿಡಿಯಲಾರ, ಹಾಗಾಗಿ ಇವರಿಗೆ ನಮಗಿಂತ ಜಾಸ್ತಿ ಸ್ವಾತಂತ್ರ್ಯ ಇದೆ ಅಂತ.

ನದಿದಂಡೆ:
ರಾಯಭಾರಿಯ ಹೆಂಡತಿ ನೋಡಿದ್ದು ಶ್ರೀಮಂತರ ಮನೆ. ಬೇಕಾದಾಗ ತೊಟ್ಟು ಬೇಡವಾದಾಗ ಕಳಚಿಡುವವರಿಗೆ ಅದು ಸ್ವಾತಂತ್ರ್ಯ. ಆಯ್ಕೆಯೇ ಇಲ್ಲದವರಿಗೆ?

ಹಳೇಪೆಟ್ಟಿಗೆ:
ಒಪ್ಪುತ್ತೇನೆ. ಆದರೆ ಆ ಹೆಂಗಸರು ಸುಮ್ನೆ ಕೂತವರೂ ಅಲ್ಲ. 1720ರ ದಶಕದಲ್ಲೇ ಸರ್ಕಾರ ಹುಕುಂ ಹೊರಡಿಸಿತು. ಫೆರಾಜೆಯ ಕಾಲರ್ ಒಂದು ಗೇಣಿಗಿಂತ ದೊಡ್ಡದಿರಬಾರದು, ರಿಬ್ಬನ್ ಒಂದು ಬೆರಳಿಗಿಂತ ಅಗಲ ಇರಬಾರದು ಅಂತೆಲ್ಲ. ಗೇಣು ಹಿಡಿದು ಅಳೆಯುವ ಹುಕುಂ ಬಂದಿದೆ ಅಂದರೆ, ಅದಕ್ಕೂ ಮೊದಲು ಇಸ್ತಾಂಬುಲ್‌ನ ಹೆಂಗಸರು ಕಾಲರನ್ನು ಎಷ್ಟು ಬೆಳೆಸಿದ್ದರು ಯೋಚಿಸಿ! ಅಂಥ ಹುಕುಂಗಳು ಆಮೇಲೂ ಬರುತ್ತಲೇ ಇದ್ದವು. ಒಂದೂ ಪೂರ್ತಿ ನಡೆಯಲಿಲ್ಲ. ಯಾಶ್ಮಾಕ್ ಕೂಡ ಹಾಗೆಯೇ. ಎರಡು ತುಂಡು ಮಸ್ಲಿನ್, ಒಂದು ಹಣೆಗೆ, ಒಂದು ಮೂಗಿನ ಕೆಳಗೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಅದು ಎಷ್ಟು ತೆಳುವಾಯಿತೆಂದರೆ ಮುಖದ ಮಚ್ಚೆಯೂ ಕಾಣುತ್ತಿತ್ತು.

ಇನ್ನೊಂದು ವಿಚಿತ್ರ ಕೇಳಿ. ಮೈಯೆಲ್ಲ ಮುಚ್ಚುವ ಕಪ್ಪು ಹೊದಿಕೆ ಚಾರ್ಶಾಫ್ ಅನಾದಿ ಕಾಲದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಇಸ್ತಾಂಬುಲ್‌ನಲ್ಲಿ ಅದು ಹರಡಿದ್ದು 19ನೇ ಶತಮಾನದ ಎರಡನೇ ಅರ್ಧದಲ್ಲಿ. 1890ರ ದಶಕದಲ್ಲಿ ಎರಡನೇ ಅಬ್ದುಲ್ ಹಮೀದ್ ಅದನ್ನು ತಡೆಯಲು ನೋಡಿದ. ಅದರೊಳಗೆ ಯಾರು ಬೇಕಾದರೂ ಅವಿತುಕೊಂಡು ಬರಬಹುದು ಎಂಬ ಭಯ. ಮುಂದೆ ಗಣರಾಜ್ಯ ಬಂದು 1925ರಲ್ಲಿ ಟೋಪಿ ಕಾನೂನು ಮಾಡಿದಾಗ ಗಂಡಸರ ಫೆಜ್ ಟೋಪಿ ಹೋಯಿತು. ಹೆಂಗಸರ ಮುಸುಕಿನ ಮೇಲೆ ದೇಶಕ್ಕೆಲ್ಲ ಒಂದು ಕಾನೂನು ಆಗ ಬರಲಿಲ್ಲ. 1930ರ ದಶಕದಲ್ಲಿ ಕೆಲವು ಊರುಗಳ ನಗರಸಭೆಗಳೇ ಅದನ್ನು ನಿಷೇಧಿಸಿದವು. ಒಟ್ಟಿನಲ್ಲಿ ತೊಡು ಅನ್ನುವವರೂ ಬಿಡು ಅನ್ನುವವರೂ ಗಂಡಸರೇ.

ನದಿದಂಡೆ:
ಆ ಕೊನೆಯ ಸಾಲಿಗೆ ನನ್ನ ಪೂರ್ತಿ ಒಪ್ಪಿಗೆ.

ಬರ್ಲಿನ್_ಕನ್ನಡತಿ:
ನಾನಿರುವ ಬೀದಿಯಲ್ಲಿ ಅರ್ಧ ಜನ ತುರ್ಕಿ ಮೂಲದವರು. ಪಕ್ಕದ ಮನೆಯ ಹುಡುಗಿಯ ಮದುವೆಗೆ ಮುಂಚೆ ಮೆಹಂದಿ ರಾತ್ರಿಗೆ ಕರೆದಿದ್ದರು. ಕಿನಾ ಗೆಜೆಸಿ ಅಂತಾರೆ. ಅಲ್ಲಿ ಮದುಮಗಳು ತೊಟ್ಟಿದ್ದು ಬಿಂದಾಲ್ಲಿ. ಕೆಂಪು ಮಕಮಲ್ಲಿನ ಉದ್ದ ನಿಲುವಂಗಿ, ಮೈತುಂಬಾ ಚಿನ್ನದ ದಾರದ ಬಳ್ಳಿ, ಎಲೆ, ಹೂವು. ತಲೆ ಮೇಲೆ ಕೆಂಪು ಮುಸುಕು. ಹೆಂಗಸರು ಮೇಣದಬತ್ತಿ ಹಿಡಿದು ಸುತ್ತ ಹಾಡುತ್ತಾರೆ. ಮದುಮಗಳು ಅಳಲೇಬೇಕು, ಅಳುವ ತನಕ ಬಿಡುವುದಿಲ್ಲ. ಆಮೇಲೆ ಮೆಹಂದಿ ಹಚ್ಚಲು ಕೈ ಚಾಚು ಅಂದರೆ ಮುಷ್ಟಿ ಬಿಗಿ ಹಿಡಿಯುತ್ತಾಳೆ. ಅತ್ತೆ ಬಂದು ಅಂಗೈಗೆ ಚಿನ್ನದ ನಾಣ್ಯ ಇಟ್ಟರೆ ಮಾತ್ರ ತೆರೆಯುತ್ತಾಳೆ. ನಮ್ಮ ಮದುಮಕ್ಕಳಿಗೆ ಈ ಬುದ್ಧಿ ಯಾಕೆ ಬರಲಿಲ್ಲವೋ!

ಅಜ್ಜಿಯೊಬ್ಬರು ಹೇಳಿದರು, ಅವರ ಊರಲ್ಲಿ ನೇರಳೆ ಮತ್ತು ಗಾಢ ಕೆಂಪು ಬಿಂದಾಲ್ಲಿ ಜಾಸ್ತಿ, ತಾಯಿಯಿಂದ ಮಗಳಿಗೆ ಬರುತ್ತಿತ್ತು ಅಂತ. ಈಗ ಬಾಡಿಗೆಗೆ ಸಿಗುತ್ತದೆ, ಯಂತ್ರದ ಕಸೂತಿ. ಸೂಜಿಮಲ್ಲಿಗೆ ಅವರೇ, ಸೊಸೆಗೆ ಇದನ್ನೇ ಹಾಕಬಹುದಲ್ಲ?

ದರ್ಜಿಮನೆ:
ಕಸೂತಿಯ ಕ್ರಮ ಗೊತ್ತಾದರೆ ಹೇಳಿ ಅಕ್ಕಾ. ಮಕಮಲ್ಲಿನ ಮೇಲೆ ಅಷ್ಟು ಉಬ್ಬಾಗಿ ಹೇಗೆ ಕೂರುತ್ತದೆ?

ಬರ್ಲಿನ್_ಕನ್ನಡತಿ:
ಅದೇ ಅಜ್ಜಿಯನ್ನು ಕೇಳಿದ್ದೆ. ದಪ್ಪ ಕಾಗದದಲ್ಲಿ ಎಲೆ ಹೂವು ಕತ್ತರಿಸಿ ಮಕಮಲ್ಲಿನ ಮೇಲೆ ಅಂಟಿಸುತ್ತಾರೆ. ಲೋಹದ ದಾರವನ್ನು ಕಾಗದದ ಮೇಲೆ ಆ ಕಡೆಯಿಂದ ಈ ಕಡೆಗೆ ಹಾಯಿಸುತ್ತಾರೆ. ದಾರ ಬಟ್ಟೆಯೊಳಗೆ ಹೋಗುವುದೇ ಇಲ್ಲ. ಎರಡೂ ತುದಿಯಲ್ಲಿ ಕೆಳಗಿನಿಂದ ಬರುವ ಮೇಣ ಹಚ್ಚಿದ ಇನ್ನೊಂದು ದಾರ ಅದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಚಿನ್ನವೆಲ್ಲ ಮೇಲೆಯೇ, ಹಿಂದೆ ಬರೀ ಹತ್ತಿ ದಾರ. ಮರಾಶ್ ಊರಿನ ಕೆಲಸ ಹೆಸರುವಾಸಿ, ಅದಕ್ಕೇ ಮರಾಶ್ ಕಸೂತಿ ಅಂತಲೂ ಅನ್ನುತ್ತಾರೆ.

ಹಳೇಪೆಟ್ಟಿಗೆ:
ವಿವರ ಸೊಗಸಾಗಿದೆ. ಆದರೆ ಈ ನಾಟಕಕ್ಕೆ ಬಿಂದಾಲ್ಲಿ ಬೇಡ. ಅದರ ಭರಾಟೆ 19ನೇ ಶತಮಾನದ ಎರಡನೇ ಅರ್ಧದ್ದು. 1720ಕ್ಕೆ ಅದನ್ನು ಹಾಕಿದರೆ ನೂರೈವತ್ತು ವರ್ಷ ಮುಂದೆ ಹಾರಿದಂತೆ. ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಉಳಿದುಬಂದ ಉಚ್ ಎತೆಕ್ ಎಂತಾರಿಯೂ ಅಷ್ಟೇ, 19ನೇ ಶತಮಾನದಲ್ಲಿ ಎಲ್ಲೆಡೆ ಕಾಣುತ್ತದೆ. ಎರಡೂ ಬದಿ ಸೊಂಟದವರೆಗೆ ಸೀಳಿ, ಮುಂದೆ ಎರಡು ಹಿಂದೆ ಒಂದು, ಮೂರು ಸೆರಗು. ಕೆಲಸ ಮಾಡುವಾಗ ಮುಂದಿನ ಎರಡನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುವುದು.

ಆ 19ನೇ ಶತಮಾನ ಬೇಕಾದವರಿಗೆ ಒಂದು ಒಳ್ಳೆಯ ಆಲ್ಬಂ ಇದೆ. 1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಆಟೊಮನ್ ಸರ್ಕಾರವೇ ಮಾಡಿಸಿದ್ದು. ಚಿತ್ರಕಾರ ಉಸ್ಮಾನ್ ಹಮ್ದಿ ಮತ್ತು ಮಾರಿ ದ ಲೋನೆ ಸಿದ್ಧಪಡಿಸಿದರು, ಪಾಸ್ಕಲ್ ಸೆಬಾ ಫೋಟೋ ತೆಗೆದರು. ಒಂದೊಂದು ಪ್ರಾಂತ್ಯದ ಉಡುಪು ತೊಟ್ಟವರನ್ನು ಸಾಲಾಗಿ ನಿಲ್ಲಿಸಿದ್ದಾರೆ. ಒಂದು ಎಚ್ಚರ: ಅವರಲ್ಲಿ ಹಲವರು ಸ್ಟುಡಿಯೋದಲ್ಲಿ ಉಡುಪು ತೊಟ್ಟು ನಿಂತ ಮಾಡೆಲ್‌ಗಳು. ಬಟ್ಟೆ ನಂಬಬಹುದು, ಮುಖಭಾವ ನಂಬಬೇಡಿ.

ಕಾಫಿಪುಡಿ:
ಈಗ ಗಂಭೀರವಾಗಿ ಕೇಳುತ್ತೇನೆ. ಇಸ್ತಾಂಬುಲ್‌ಗೆ ಹೋದಾಗ ತೋಪ್‌ಕಾಪಿ ಅರಮನೆಯಲ್ಲಿ ಕಫ್ತಾನ್‌ಗಳನ್ನು ನೋಡಿದ್ದೆ. ಎಲ್ಲ ಸುಲ್ತಾನರದ್ದೇ. ರಾಣಿಯರ ಬಟ್ಟೆ ಯಾಕೆ ಕಾಣಲಿಲ್ಲ?

ಹಳೇಪೆಟ್ಟಿಗೆ:
ಸುಲ್ತಾನ ಸತ್ತರೆ ಅವನ ಬಟ್ಟೆಯನ್ನು ಗಂಟು ಕಟ್ಟಿ, ಹೆಸರಿನ ಚೀಟಿ ಇಟ್ಟು ಖಜಾನೆಯಲ್ಲಿ ಕಾಪಾಡುವ ಪದ್ಧತಿ ಇತ್ತು. ಅದಕ್ಕೇ ಸಾವಿರಕ್ಕೂ ಹೆಚ್ಚು ಕಫ್ತಾನ್ ಉಳಿದಿವೆ. ಹೆಂಗಸರ ಬಟ್ಟೆಗೆ ಆ ಮರ್ಯಾದೆ ಇರಲಿಲ್ಲ. ಕೈಯಿಂದ ಕೈಗೆ ಹೋಯಿತು, ಬಿಚ್ಚಿ ಬೇರೆ ಹೊಲಿದರು, ಸವೆದುಹೋಯಿತು. ಇನ್ನೊಮ್ಮೆ ಹೋದರೆ ನಗರದ ಉತ್ತರಕ್ಕೆ ಬಾಸ್ಫರಸ್ ದಡದ ಬ್ಯೂಯುಕ್‌ದೆರೆಯಲ್ಲಿರುವ ಸದ್‌ಬೆರ್ಕ್ ಹಾನಿಮ್ ಮ್ಯೂಸಿಯಂಗೆ ಹೋಗಿ. 1980ರಲ್ಲಿ ತೆರೆದದ್ದು, ತುರ್ಕಿಯ ಮೊದಲ ಖಾಸಗಿ ಮ್ಯೂಸಿಯಂ. ಹೆಂಗಸರ ಉಡುಪು, ಕಸೂತಿ ಅಲ್ಲಿ ಚೆನ್ನಾಗಿದೆ.

ಕಲಬುರಗಿ_ಕಟ್ಟೆ:
ನಮ್ಮ ಕಡೆಯ ಒಂದು ನಂಟು ಹೇಳ್ತೀನಿ. ಕಲಬುರಗಿ, ಬೀದರ, ರಾಯಚೂರು ಆಗ ನಿಜಾಮರ ರಾಜ್ಯ. ಆ ನಿಜಾಮರ ಮನೆಗೆ 1931ರಲ್ಲಿ ಇಬ್ಬರು ಆಟೊಮನ್ ರಾಜಕುಮಾರಿಯರು ಸೊಸೆಯರಾಗಿ ಬಂದರು. ದುರ್ರುಶೆಹ್ವಾರ್ ಮತ್ತು ನಿಲೋಫರ್. ದುರ್ರುಶೆಹ್ವಾರ್ ಕೊನೆಯ ಖಲೀಫನ ಮಗಳು. 1924ರಲ್ಲಿ ಇಡೀ ಮನೆತನವನ್ನು ದೇಶದಿಂದ ಹೊರಗೆ ಹಾಕಿದ್ದರು, ಮದುವೆ ನಡೆದದ್ದು ಫ್ರಾನ್ಸಿನ ನೀಸ್‌ನಲ್ಲಿ. ಇಲ್ಲಿಗೆ ಬಂದಮೇಲೆ ಇಬ್ಬರೂ ಸೀರೆ ಉಟ್ಟರು. ನಿಲೋಫರ್ ಸೀರೆ ಉಡುವ ಚೆಂದ ಊರೆಲ್ಲ ಹೆಸರಾಯಿತು. ಎಂತಾರಿ ತೊಟ್ಟ ಫೋಟೋ ಇದೆಯಾ ಅಂತ ಹುಡುಕಿದೆ, ನನಗೆ ಸಿಕ್ಕಿದ್ದೆಲ್ಲ ಸೀರೆ ಅಥವಾ ಪ್ಯಾರಿಸ್ ಗೌನು.

ಹಳೇಪೆಟ್ಟಿಗೆ:
ಸಿಗುವುದು ಕಷ್ಟ ಸರ್. ಅವರು ಹುಟ್ಟುವ ಮೊದಲೇ ಅರಮನೆಯ ಹೆಂಗಸರು ಎಂತಾರಿ ಬಿಟ್ಟಿದ್ದರು. 19ನೇ ಶತಮಾನದ ಕೊನೆಗೆ ಇಸ್ತಾಂಬುಲ್‌ನ ಅನುಕೂಲಸ್ಥರ ಮನೆಯಲ್ಲಿ ಲಂಗ, ಜಾಕೀಟು, ಕಾರ್ಸೆಟ್ಟು ಬಂದಾಗಿತ್ತು. ಮದುವೆಯ ಕೆಂಪು ಹೋಗಿ ಬಿಳಿ ಬಂದದ್ದೂ ಆಗಲೇ.

ಸೂಜಿಮಲ್ಲಿಗೆ:
ನಂಟುಗಳ ಕಥೆ ಓದುತ್ತಾ ಹೊಲಿಗೆ ಮರೆತೆ. ಈಗ ಬಟ್ಟೆಯ ಪ್ರಶ್ನೆ. ತುರ್ಕಿಯ ಬುರ್ಸಾ ಊರಿನ ರೇಷ್ಮೆ ನಮಗೆ ಎಲ್ಲಿಂದ ಸಿಗಬೇಕು? ಅತ್ತೆಯ ಒಳ ಅಂಗಿಗೆ ಅಮ್ಮನ ಹಳೇ ಮೈಸೂರು ಸಿಲ್ಕ್ ಕ್ರೇಪ್ ಸೀರೆ ಕತ್ತರಿಸೋಣ ಅಂತಿದ್ದೇನೆ.

ಬರ್ಲಿನ್_ಕನ್ನಡತಿ:
ಕತ್ತರಿಸಬೇಡಿ!! ಅಮ್ಮನ ಸೀರೆ ಮುಟ್ಟಿದರೆ ಈ ಗುಂಪಿನಿಂದ ಹೊರಗೆ ಹಾಕಿಸುತ್ತೇನೆ.

ದರ್ಜಿಮನೆ:
ಬುದ್ಧಿಯೇನೋ ಸರಿಯಾಗಿಯೇ ಓಡಿದೆ. ಅವರ ಒಳ ಅಂಗಿಯ ಬುರುಂಜುಕ್ ಬಟ್ಟೆಯೂ ಜಾಸ್ತಿ ಹುರಿ ಹಾಕಿದ ನೂಲಿನದೇ, ಅದಕ್ಕೇ ಸುಕ್ಕುಸುಕ್ಕಾಗಿರುತ್ತದೆ. ಆದರೆ ಸೀರೆ ಬಿಡಿ, ತೆಳು ಹತ್ತಿ ಕ್ರೇಪ್ ತನ್ನಿ. ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಎಂತಾರಿಗೆ ಮಶ್ರೂ ನೋಡಿ. ಗುಜರಾತಿನದು, ಹಾಸು ರೇಷ್ಮೆ, ಹೊಕ್ಕು ಹತ್ತಿ. ತುರ್ಕಿಯ ಗಾಜಿಯಾಂತೆಪ್‌ನಲ್ಲಿ ನೇಯುವ ಕುತ್ನು ಬಟ್ಟೆಗೂ ಇದೇ ಲೆಕ್ಕ, ಇದೇ ಹೊಳಪು, ಇದೇ ಉದ್ದ ಪಟ್ಟೆ. ಕೃತಕ ರೇಷ್ಮೆಯ ಮಶ್ರೂ ಅಗ್ಗಕ್ಕೂ ಸಿಗುತ್ತದೆ. ಬನಾರಸಿ ಬ್ರೊಕೇಡ್ ಮಾತ್ರ ಬೇಡ. ಮಾವಿನಕಾಯಿ ಬುಟ್ಟಾ ಕಂಡ ಕೂಡಲೇ ಪ್ರೇಕ್ಷಕರಿಗೆ ಮದುವೆ ಛತ್ರ ನೆನಪಾಗುತ್ತದೆ.

ಹಳೇಪೆಟ್ಟಿಗೆ:
ತಲೆವಸ್ತ್ರದ ಅಂಚಿಗೆ ಓಯಾ ಮರೆಯಬೇಡಿ. ಸೂಜಿಯಲ್ಲೇ ಗಂಟು ಹಾಕಿ ಹೆಣೆಯುವ ಪುಟ್ಟ ಹೂವು, ಕಾಯಿ. ಸೀರೆ ಕುಚ್ಚು ಕಟ್ಟುವವರಿಗೆ ಒಂದು ಚಿತ್ರ ತೋರಿಸಿದರೆ ಕ್ರೋಶಾದಲ್ಲಿ ಹತ್ತಿರ ಹತ್ತಿರ ಮಾಡಿಕೊಡುತ್ತಾರೆ. ಹಳ್ಳಿಗಳಲ್ಲಿ ಅದಕ್ಕೆ ಅರ್ಥ ಕಟ್ಟುತ್ತಾರೆ. ಸೊಸೆ ಕೆಂಪು ಮೆಣಸಿನಕಾಯಿ ಓಯಾ ತೊಟ್ಟರೆ ಗಂಡನ ಜೊತೆ ಜಗಳ, ಅತ್ತೆಗೆ ಗೋರಿಕಲ್ಲಿನ ಓಯಾ ಕೊಟ್ಟರೆ ಸಾಯುವ ತನಕ ಮಾತಿಲ್ಲ ಅಂತ. ಎಲ್ಲ ಕಡೆ ಹೀಗೇ ಇತ್ತು ಅಂತಲ್ಲ. ಆದರೆ ಅತ್ತೆ ಸೊಸೆ ಇರುವ ನಾಟಕದಲ್ಲಿ ಇದನ್ನು ಬಿಟ್ಟರೆ ಪಾಪ ಬರುತ್ತದೆ.

ಸೂಜಿಮಲ್ಲಿಗೆ:
ಅಯ್ಯೋ, ಇದಕ್ಕೆ ಒಂದು ದೃಶ್ಯವನ್ನೇ ಬರೆಸುತ್ತೇನೆ! ಕೆಲಸದ ಹುಡುಗಿ ಒಬ್ಬಳು ಉಳಿದಳು. ಅವಳಿಗೂ ಮಶ್ರೂ ಕೊಟ್ಟರೆ ಹೆಚ್ಚಾಗುತ್ತದಲ್ವಾ? ಕಾಲಿಗೆ ಏನು?

ದರ್ಜಿಮನೆ:
ಅವಳಿಗೆ ಅಚ್ಚು ಹಾಕಿದ ಹತ್ತಿ, ನಮ್ಮ ಚೀಟಿ ಬಟ್ಟೆ. ಅಂಚು ಕಣಕಾಲಿನ ಮೇಲೆ ನಿಲ್ಲಲಿ, ತೋಳು ಮೊಣಕೈ ತನಕ ಮಡಚಿರಲಿ.

ಹಳೇಪೆಟ್ಟಿಗೆ:
ಕಾಲಕ್ಕೂ ಸರಿಹೋಗುತ್ತದೆ. ಭಾರತದಿಂದ ಹೋದ ಅಚ್ಚಿನ ಬಟ್ಟೆಗೆ ಆಗ ಅಲ್ಲಿ ಒಳ್ಳೆ ಗಿರಾಕಿ ಇತ್ತು. ಅದನ್ನು ನೋಡಿ ತೋಕಾತ್ ಊರಿನಲ್ಲಿ ಅವರೇ ಅಚ್ಚು ಹಾಕಿದರು. ಕಾಲಿಗೆ ಮನೆಯಲ್ಲಿ ಮೆತ್ತನೆಯ ಹಳದಿ ಚರ್ಮದ ಚಪ್ಪಲಿ. ಮುಸ್ಲಿಮರ ಕಾಲಿಗೆ ಹಳದಿ, ಬೇರೆಯವರಿಗೆ ಬೇರೆ ಬಣ್ಣ ಅಂತ ಕಟ್ಟಳೆ ಇತ್ತು. ಸ್ನಾನದ ಮನೆಯ ದೃಶ್ಯ ಇದ್ದರೆ ಮರದ ಎತ್ತರದ ಹಾವುಗೆ, ನಾಲಿನ್ ಅಂತಾರೆ. ಮಠದ ಪಾದುಕೆ ತರಬೇಡಿ, ಇದಕ್ಕೆ ಮೇಲೆ ಚರ್ಮದ ಪಟ್ಟಿ ಇರುತ್ತದೆ.

ಕಾಫಿಪುಡಿ:
ನೆಲ ಗುಡಿಸುವ ಅಂಚು, ಎತ್ತರದ ಹಾವುಗೆ, ನಾಟಕದ ಕತ್ತಲು. ನಟಿಯರಿಗೆ ವಿಮೆ ಮಾಡಿಸಿದ್ದೀರಾ?

ದರ್ಜಿಮನೆ:
ನಗಬೇಡಿ, ಅದು ನಿಜವಾದ ತೊಂದರೆ. ತಾಲೀಮಿನ ಮೊದಲ ದಿನದಿಂದಲೇ ಹಳೇ ಬೆಡ್‌ಶೀಟಿನಲ್ಲಿ ಒಂದು ಒರಟು ಎಂತಾರಿ ಹೊಲಿದು ಕೊಡಿ. ಮುಂದಿನ ಎರಡು ಅಂಚನ್ನು ಎತ್ತಿ ಸೊಂಟಪಟ್ಟಿಗೆ ಸಿಕ್ಕಿಸಿ ಮೆಟ್ಟಿಲು ಹತ್ತಿ ಇಳಿಯಲಿ. ಪಟ್ಟಿಯನ್ನು ಸೊಂಟದ ಮೇಲಲ್ಲ, ಅದಕ್ಕಿಂತ ಕೆಳಗೆ ಸಡಿಲವಾಗಿ ಕಟ್ಟಬೇಕು, ಗಂಟು ಮುಂದೆ. ಅದು ಜಾರುತ್ತದೆ ಅಂತ ಎಲ್ಲರೂ ದೂರುತ್ತಾರೆ. ಒಳಬದಿಗೆ ಹಿಂದೆ ಎರಡು ಹೊಲಿಗೆ ಹಾಕಿಬಿಡಿ, ಮುಗಿಯಿತು.